ಒಂದು ಮಿಲಿಮೀಟರಿನ ಅಂಚು

ನಮ್ಮ ಓಣಿಯಲ್ಲಿ ವೇಸ್ಟ್ ಅಂದರೆ ಜೂಟು,
ಬೆಂದ ಗೂಡಿನಿಂದ ಮೊದಲು ಕಿತ್ತ ಸಿಕ್ಕು.
ಅದಕ್ಕೂ ಕಿಲೋ ಲೆಕ್ಕ, ಅದಕ್ಕೂ ಒಬ್ಬ ವ್ಯಾಪಾರಿ.
ನೂಲು ಬಿಚ್ಚಿ ಉಳಿದ ಹುಳಕ್ಕೂ
ಶುಕ್ರವಾರ ಒಂದು ಲಗೇಜ್ ಆಟೋ ಬರುತ್ತದೆ.
ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ
ಬಿಸಾಡಲೆಂದೇ ಬಾಗಿಲಿಟ್ಟ ಯಂತ್ರ
ಹೇಗೆ ಅರ್ಥವಾಗಬೇಕು?

ಡೀಸೆಲ್ ಕಾರು, ನಾನು ಮೂರನೆಯ ಮಾಲೀಕ.
ಟರ್ಬೊದ ಪಕ್ಕ ಒಂದು ಡಬ್ಬಿ, ಡಬ್ಬಿಯಿಂದ ಒಂದು ಕಡ್ಡಿ,
ಕಡ್ಡಿ ಎಳೆದರೆ ಒಳಗೆ ನಾಣ್ಯದಗಲದ ಮುಚ್ಚಳ.
ಒತ್ತಡ ಮಿತಿ ಮುಟ್ಟಿತೋ, ಅದು ತೆರೆದು
ಬಿಸಿ ಹೊಗೆಯನ್ನು ಚಕ್ರಕ್ಕೆ ತಾಗಿಸದೆ
ಪಕ್ಕದಿಂದ ಕಳಿಸಿಬಿಡುತ್ತದೆ.
ಯಾಕೆ ಕಳಿಸಬೇಕು? ದುಡ್ಡು ಕೊಟ್ಟ ಡೀಸೆಲ್ ತಾನೆ ಸುಟ್ಟದ್ದು?
ಹತ್ತರ ಸ್ಪ್ಯಾನರ್ ಹಿಡಿದು ಕಡ್ಡಿಯನ್ನು
ಮೂರು ಸುತ್ತು ಗಿಡ್ಡ ಮಾಡಿದೆ.
ಹಿಂದಿನ ಪೈಪನ್ನೂ ಅಗಲ ಮಾಡಿಸಿದೆ, ಹೇಗೂ ಇರಲಿ ಅಂತ.

ದಿಬ್ಬೂರಹಳ್ಳಿ ರಸ್ತೆಯಲ್ಲಿ ಒಂದು ವಾರ ಸ್ವರ್ಗ.
ಆಮೇಲೊಂದು ಸಂಜೆ ಮೀಟರಿನ ಮುಳ್ಳು
ಒಂದು ದಾಟಿತು, ಒಂದೂಕಾಲು ದಾಟಿತು,
ಕಾಲು ತೆಗೆಯುವಷ್ಟರಲ್ಲಿ ಒಂದೂವರೆ.
ಇಂಜಿನ್ ತಾನೇ ಹೆದರಿ ಕುಗ್ಗಿಕೊಂಡಿತು.
ಹಾಲಿನ ಕ್ಯಾನ್ ಕಟ್ಟಿದ ಮೊಪೆಡ್ಡೊಂದು
ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋಯಿತು.

ಕಡ್ಡಿಯನ್ನು ಇದ್ದಲ್ಲಿಗೇ ತಂದರೂ ಮುಳ್ಳು ನಿಲ್ಲಲಿಲ್ಲ.
ಪೈಪು ಅಗಲ, ಬಾಗಿಲು ಇಕ್ಕಟ್ಟು.

ಜೈತೂನ್ ಖಾಲಾ ನಮ್ಮ ಬಾಯ್ಲರ್ ನೋಡಿಕೊಂಡದ್ದು
ಮೂವತ್ತೊಂದು ವರ್ಷ.
ಮಣಿಕಟ್ಟಿನಿಂದ ಮೊಣಕೈವರೆಗೆ ಅವಳ ಚರ್ಮ
ಬೆಂದ ಗೂಡಿನಂತೆ ನಯ, ಒಂದು ಕೂದಲಿಲ್ಲ.
"ನಿಮ್ಮಜ್ಜ ಒಂದಿನ ವಾಲ್ವಿಗೆ ತಂತಿ ಸುತ್ತಿದ್ರು.
ನೂಲಿಗೆ ರೇಟು ಬಂದಿತ್ತು."
ಅಷ್ಟೇ ಹೇಳಿದಳು.
ಆಮೇಲೆ ಕೇಳಿದಳು: "ತೂತು ಎಷ್ಟಗಲ?"
"ಇಪ್ಪತ್ತೆರಡು ಮಿಲಿಮೀಟರು."
"ಮುಚ್ಚಳ?"
"ಇಪ್ಪತ್ತೇಳು."
"ಹಂಗಾದ್ರೆ ಜಾಗ ಐತಲ್ಲ. ಬಿಚ್ಚು."

ಎರಡು ದಿನ ಸೀಮೆಎಣ್ಣೆ ಕುಡಿದ ಮೇಲೂ
ಒಂದು ಬೋಲ್ಟ್ ತಲೆ ಕಳಚಿಕೊಂಡೇ ಬಂತು.
ಗೂಡು ಆರಿಸುವ ಕಲ್ಲಿನ ಮೇಲೆ ಟರ್ಬೊದ ಚಿಪ್ಪು.
ಪುಡಿ ಒಳಗೆ ಹೋಗದಂತೆ ಅದರ ಗಂಟಲಿಗೆ
ಹಿಡಿ ಜೂಟು ತುರುಕಿದೆವು.
ಗ್ರೈಂಡರ್ ಕಿರುಚಿತು. ಮೂಗಿನ ಹೊಳ್ಳೆ, ಹುಬ್ಬು,
ಖಾಲಾಳ ದುಪಟ್ಟಾ ಎಲ್ಲಾ ಕಪ್ಪು.
ಅಳೆದು ಉಜ್ಜು, ಉಜ್ಜಿ ಅಳೆ.
ಇಪ್ಪತ್ತಮೂರೂವರೆ. ಇಪ್ಪತ್ತನಾಲ್ಕು. ಇಪ್ಪತ್ತೈದು.
"ಇನ್ನೊಂಚೂರು," ಅಂದೆ.
ಅವಳು ಪ್ಲಗ್ ಕಿತ್ತಳು.
ಸುತ್ತಲೂ ಒಂದೇ ಮಿಲಿಮೀಟರಿನ ಅಂಚು,
ಮುಚ್ಚಳ ಕೂರಲು ಅಷ್ಟಾದರೂ ನೆಲ ಬೇಡವೇ?

ದೀಪ ಆರಿಸಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ
ಒಂದು ಬದಿಗೆ, ಈದಿನ ಹಿಂದಿನ ಸಂಜೆಯಂತೆ,
ಉಗುರಿನಷ್ಟು ತೆಳ್ಳಗೆ ಬೆಳಕು.
ಪೇಸ್ಟ್ ಹಚ್ಚಿ ಮುಚ್ಚಳವನ್ನು ಬೆರಳಲ್ಲೇ ತಿರುವಿದಳು,
ಗಂಟೆಗಟ್ಟಲೆ, ಮಾತಿಲ್ಲದೆ,
ಬೆಳಕು ಪೂರ್ತಿ ಮುಳುಗುವವರೆಗೆ.

ಭಾನುವಾರ ಪಕ್ಕದ ಸೀಟಿನಲ್ಲಿ ಅವಳೇ.
ಮುಳ್ಳು ಒಂದಕ್ಕೆ ಏರಿತು, ನಿಂತಿತು.
ಕಾಲು ಒತ್ತಿದೆ. ನಿಂತೇ ಇತ್ತು.
ಅವಳು ಮೀಟರ್ ನೋಡಲೇ ಇಲ್ಲ, ಕಿಟಕಿಗೆ ಕಿವಿ ಕೊಟ್ಟಿದ್ದಳು.
"ಬಿಡ್ತು," ಅಂದಳು.
ನನಗೇನೂ ಕೇಳಿಸಿರಲಿಲ್ಲ.

ಶುಕ್ರವಾರ ಜೂಟಿನವನು ತಕ್ಕಡಿಗೆ ಹಾಕುವ ಮುಂಚೆ
ಆ ಕಪ್ಪು ಹಿಡಿಯನ್ನು ಎತ್ತಿ ಆಚೆ ಎಸೆದ:
"ಇದು ನಡೆಯಲ್ಲ."
ಕಾಸು ಹುಟ್ಟದ ವಸ್ತು ನಮ್ಮನೆಯಿಂದ ಹೊರಟದ್ದು
ನಾನು ಕಂಡಂತೆ ಅದೊಂದೇ.
ಖಾಲಾ ಅದನ್ನು ಬಾಯ್ಲರಿನ ಒಲೆಗೆ ಹಾಕಿದಳು.
ಕೂದಲು ಸುಟ್ಟ ವಾಸನೆ. ಆಮೇಲೆ ಕಬ್ಬಿಣದ ಪುಡಿ
ಚಿಟಚಿಟ ಕಿಡಿಯಾಗಿ ಹಾರಿತು,
ಇಬ್ಬರೂ ಬಗ್ಗಿ ನೋಡುತ್ತಿದ್ದೆವು, ಕೆಲಸ ಬಿಟ್ಟು.